ಬೈಯುವವಳ ಭುಜ

ಮದುವೆಯಾಗಿ ಬಂದಾಗ ಗಿನ್‌ಚುಗೆ ಬೈಯಲು ಬರುತ್ತಿರಲಿಲ್ಲ. ಅತ್ತೆ ಕಲಿಸಿದಳು.

ಆ ಮನೆಗೆ ಬೈಯುವವಳೊಬ್ಬಳು ಬೇಕೇ ಬೇಕಿತ್ತು. ಗಂಡ ಬುನ್‌ಲಾಯ್ ಉಳುಕು ತೆಗೆಯುವ ಪಂಡಿತ. ಅವನ ಅಪ್ಪನೂ ಅದೇ ಕೆಲಸದವನು. ಊರು ಕಡಲ ಮಗ್ಗುಲಿನದು, ಸಿಂಪಿ ಸಾಕುವ ಊರು. ಗಂಡಸರು ತೆಪ್ಪದ ಮೇಲೆ ನಿಂತು ನೆನೆದ ಹಗ್ಗ ಎಳೆಯುವರು, ಭುಜ ಜಾರಿಸಿಕೊಳ್ಳುವರು. ಹೆಂಗಸರು ಬೆಳಗಿನಿಂದ ಸಂಜೆವರೆಗೆ ಗಿಡ್ಡ ಮಣೆಯ ಮೇಲೆ ಕೂತು ಸಿಂಪಿಯ ಚಿಪ್ಪು ಬಿಡಿಸುವರು, ಹೆಬ್ಬೆರಳ ಬುಡ ಊದಿಸಿಕೊಳ್ಳುವರು. ಎಲ್ಲರೂ ಬರುವುದು ಬುನ್‌ಲಾಯ್‌ನ ಮುಂಗೋಣೆಗೆ.

ಜಾರಿದ ಭುಜ ಕೂರಿಸಬೇಕಾದರೆ ಮೈ ಸಡಿಲ ಬಿಡಬೇಕು. ನೋವಿದ್ದವನು ಹೇಗೆ ಸಡಿಲ ಬಿಟ್ಟಾನು? ಕಣ್ಣೆಲ್ಲ ತೋಳಿನ ಮೇಲೇ ಇರುತ್ತದೆ. ಮಾಂಸ ಕಲ್ಲಾಗಿರುತ್ತದೆ. ಬುನ್‌ಲಾಯ್ ತೋಳು ಹಿಡಿದು ಮೆಲ್ಲಗೆ ತಿರುವುತ್ತ ಕಾಯುತ್ತಿದ್ದ. ಅಡುಗೆಮನೆ ಬಾಗಿಲಲ್ಲಿ ಗಿನ್‌ಚು ಸೊಪ್ಪು ಸೋಸುತ್ತ ನಿಂತಿರುತ್ತಿದ್ದಳು. ಗಂಡ ಒಂದು ಸಲ ಕೆಮ್ಮಿದರೆ ಅವಳ ಸರದಿ.

"ಅಲ್ಲಾ ಮಾರಾಯಾ, ಮದುವೆ ಊಟದಲ್ಲಿ ಹಂದಿಕಾಲು ಜೇಬಿಗೆ ಹಾಕ್ಕೊಂಡು ಹೋದೋನು ನೀನೇ ಅಂತೆ? ಮೂರು ಬೀದಿ ನಾಯಿ ನಿನ್ನ ಹಿಂದೇನೇ ಬಂದ್ವಂತೆ?"

"ಯಾವ ಹಾದರಕ್ಕೆ ಹುಟ್ಟಿದೋನು ಹೇಳಿದ್ದು..."

ಲಟಕ್. ಕೀಲು ಕೂತಿರುತ್ತಿತ್ತು. ಬೈಸಿಕೊಂಡವನು ಬಾಯಿ ತೆರೆದೇ ಇರುತ್ತಿದ್ದ. ಆಮೇಲೆ ನಗುತ್ತಿದ್ದ.

ಅತ್ತೆ ಒಂದು ಕಟ್ಟಳೆ ಹಾಕಿದ್ದಳು. ಬೈಗುಳ ಉಪ್ಪಿದ್ದ ಹಾಗೆ. ಉರಿಯಬೇಕು, ಆದರೆ ಕೊಳೆಸಬಾರದು. ಮನೆಗೆ ಹೋಗಿ ಹೆಂಡತಿ ಹತ್ತಿರ ಹೇಳಿ ನಗುವಂಥದ್ದನ್ನೇ ಬೈಯಬೇಕು. ಗಿನ್‌ಚು ಆ ಗೆರೆ ದಾಟಲಿಲ್ಲ. ಊರಿನವರ ಸಣ್ಣ ಸಣ್ಣ ನಾಚಿಕೆಗಳನ್ನೆಲ್ಲ ಮಾರ್ಕೆಟ್ಟಿನಿಂದ ತಂದು ಕೂಡಿಟ್ಟುಕೊಳ್ಳುತ್ತಿದ್ದಳು. ಜನ ಅವಳನ್ನು ಕಂಡರೆ ಹೆದರುತ್ತಿದ್ದರು, ಕರೆದು ಮಾತಾಡಿಸುತ್ತಲೂ ಇದ್ದರು.

ಉಳುಕಿಗೆ ಬೈಗುಳ ಬೇಕಿರಲಿಲ್ಲ. ಮದ್ದಿನ ಸಾರಾಯಿ ಹಚ್ಚಿ ತಿಕ್ಕಿ, ಪಟ್ಟು ಹಾಕಿ, ಬಿದಿರ ಸೀಳು ಕಟ್ಟಿ, "ಕೆಲಸ ಬಿಡು" ಅನ್ನುತ್ತಿದ್ದ ಬುನ್‌ಲಾಯ್. ಯಾರೂ ಬಿಡುತ್ತಿರಲಿಲ್ಲ. ಪಕ್ಕದ ಮನೆ ಬೀಹುನ್ ಅಂತೂ ಪ್ರತಿ ಚಳಿಗಾಲ ಅದೇ ಹೆಬ್ಬೆರಳು ಹಿಡಿದುಕೊಂಡು ಬರುತ್ತಿದ್ದಳು. ಬುನ್‌ಲಾಯ್ ಅವಳ ಕೈ ತೊಡೆಯ ಮೇಲಿಟ್ಟುಕೊಂಡು, ಟೀವಿ ನೋಡುತ್ತ, ಸುಮಾರು ಹೊತ್ತು ತಿಕ್ಕುತ್ತಿದ್ದ.

ಆಮೇಲೆ ಬುನ್‌ಲಾಯ್‌ಗೆ ಲಿವರ್ ಕೆಟ್ಟಿತು. ಅವನ ಕೈಯೇ ಅವನಿಗೆ ಭಾರವಾಯಿತು. ಅತ್ತೆ ಎಂದೋ ಹೋಗಿದ್ದಳು, ಮಕ್ಕಳಿಲ್ಲ. ಗಿನ್‌ಚು ಒಬ್ಬಳೇ ಅವನನ್ನು ಹಾಸಿಗೆಯಿಂದ ಎತ್ತಿ ಕುರ್ಚಿಗೆ, ಕುರ್ಚಿಯಿಂದ ಎತ್ತಿ ಹಾಸಿಗೆಗೆ ಹಾಕಿದಳು. ಚಳಿಗಾಲ ಕಳೆಯುವುದರೊಳಗೆ ಅವಳ ಬಲ ಭುಜ ಬಿಗಿಯಿತು. ಜಡೆ ಹಾಕಲು ಬರದು. ಬೆನ್ನ ಹಿಂದೆ ಕೈ ಹೋಗದು.

ಬುನ್‌ಲಾಯ್ ಮಲಗಿದಲ್ಲಿಂದಲೇ ಎರಡು ಬೆರಳಲ್ಲಿ ಒತ್ತಿ ನೋಡಿದ.

"ಇದು ಜಾರಿದ್ದಲ್ಲ, ಬಿಗಿದದ್ದು. ಜಾರಿದ್ದಕ್ಕೆ ಪಂಡಿತ ಸಾಕು. ಬಿಗಿದದ್ದಕ್ಕೆ ತಾಳ್ಮೆ ಬೇಕು. ಯಾರ ಕೈಗೂ ಎಳೆಯೋಕೆ ಕೊಡಬೇಡ. ಕೇಳಿಸ್ತಾ?"

"ಕೇಳಿಸ್ತು."

ಕೊನೆಗೆ ನೋವು ಹೆಚ್ಚಾಯಿತು. ಮಾತ್ರೆ ನಾಟುತ್ತಿರಲಿಲ್ಲ. ಒಂದು ಮಧ್ಯಾಹ್ನ ಅವನು ಹಲ್ಲು ಕಚ್ಚಿಕೊಂಡು, ಒಂದು ಸಲ ಕೆಮ್ಮಿದ. ಅವಳಿಗೆ ತಿಳಿಯಲಿಲ್ಲ. ಮತ್ತೆ ಕೆಮ್ಮಿದ.

"ಬೈಯೇ," ಅಂದ. "ಒಂದು ಸಲ ಬೈದುಬಿಡು. ಮನಸ್ಸು ಆ ಕಡೆ ಹೋಗ್ಲಿ."

ಅವಳು ಹುಡುಕಿದಳು. ಊರಿಗೆಲ್ಲ ಹಂಚಿದ ಬಾಯಲ್ಲಿ ಗಂಡನಿಗೆ ಅಂತ ಒಂದೂ ಇರಲಿಲ್ಲ. "ಸ್ವಲ್ಪ ಗಂಜಿ ಕುಡೀತೀರಾ?" ಅಂದಳು. ಅವನು ಅವಳ ಮುಖ ನೋಡಿದ. ಆಮೇಲೆ ಗೋಡೆ ಕಡೆ ತಿರುಗಿದ. ಎರಡು ದಿನಕ್ಕೆ ಹೋದ.

ಹೋದವನ ಹೆಸರಿನ ಬೂದಿಕುಡಿಕೆ ವರ್ಷ ತುಂಬುವವರೆಗೆ ಮನೆಯಲ್ಲಿ ಬೇರೆಯೇ ಇರುತ್ತದೆ. ದಿನಾ ಊದುಬತ್ತಿ ಹಚ್ಚಿ ಅದರಲ್ಲಿ ನೆಡಬೇಕು. ವರ್ಷದ ದಿನ ಆ ಊದುಬತ್ತಿಯ ಬೂದಿಯನ್ನು ಹಿರಿಯರ ಕುಡಿಕೆಗೆ ಸೇರಿಸಬೇಕು. ಆಗ ಅವನು ಹಿರಿಯರ ಸಾಲಿನಲ್ಲಿ ಕೂತ ಹಾಗೆ. ಕುಡಿಕೆಯನ್ನು ಎರಡೂ ಕೈಯಲ್ಲಿ ಹಿಡಿದು ತಲೆಗಿಂತ ಮೇಲೆ ಎತ್ತಿ ತೋರಿಸಿ, ಆಮೇಲೆ ಬಗ್ಗಿಸುವುದು ಆ ಮನೆಯ ಪದ್ಧತಿ. ಮಗ ಮಾಡುವ ಕೆಲಸ. ಮಗ ಇಲ್ಲದಿದ್ದರೆ ತಮ್ಮ.

ತಮ್ಮ ಹೋಕ್‌ಸಿಂಗ್ ಬಂದು ಕೂತ. ತೆಪ್ಪದ ಕೆಲಸದವನು, ಅಣ್ಣನ ವಿದ್ಯೆ ಅರ್ಧಂಬರ್ಧ ನೋಡಿದವನು.

"ಅತ್ತಿಗೆ, ಆವತ್ತು ನಾನು ಎತ್ತುತೀನಿ. ಪುರೋಹಿತರಿಗೂ ಹೇಳಿದೀನಿ."

"ನಾನು ಎತ್ತುತೀನಿ."

"ನಿನ್ನ ಕೈ ಬಾಯಿಗೆ ಅನ್ನ ಎತ್ತಿದ್ರೆ ಸಾಕಾಗಿದೆ."

"ಅವರನ್ನ ಎತ್ತಿ ಎತ್ತಿ ಹೋದ ಕೈ ಇದು. ಕೊನೇ ಸಲ ಎತ್ತೋದೂ ಇದೇ."

ಬೀಹುನ್ ಅಲ್ಲೇ ಕಡಲೆಕಾಯಿ ಬಿಡಿಸುತ್ತಿದ್ದಳು. "ಸ್ಟೂಲ್ ಹತ್ತಿಸಿದ್ರಾಯ್ತು ಬಿಡು," ಅಂದಳು.

"ಸ್ಟೂಲ್ ಹತ್ತಿದ್ರೆ ತಲೆ ಕೆಳಗೇ ಇರುತ್ತಾ, ಪೆದ್ದಿ?"

ಬೀಹುನ್ ನಕ್ಕಳು. ಗಂಡ ಸತ್ತ ಮೇಲೆ ಗಿನ್‌ಚು ಬಾಯಲ್ಲಿ ಬಂದ ಮೊದಲ ಬೈಗುಳ ಅದು. ಆ ಖುಷಿಗೇ ಇರಬೇಕು, ಬೀಹುನ್ ತಲೆಗೆ ಒಂದು ಹುಳ ಹೊಕ್ಕಿತು.

"ಹಾಗಾದ್ರೆ ಈ ಮನೆ ವೈದ್ಯಾನೇ ಮಾಡಿಬಿಡೋಣ ಕಣೇ. ಹೋಕ್‌ಸಿಂಗ್ ಎಳೀಲಿ, ನಾನು ಬೈತೀನಿ. ನನಗೂ ಬಡ್ಡಿ ಸಮೇತ ತೀರಿಸೋದಿದೆ."

ಗಂಡ ಬೇಡ ಅಂದದ್ದು ಗಿನ್‌ಚುಗೆ ನೆನಪಿತ್ತು. ವರ್ಷದ ದಿನ ಹತ್ತಿರ ಬಂದದ್ದೂ ನೆನಪಿತ್ತು. ಅವಳು ಗೋಡೆಗೆ ಬೆನ್ನು ಕೊಟ್ಟು ಕೂತಳು.

ಹೋಕ್‌ಸಿಂಗ್ ತೋಳು ಹಿಡಿದ. ಅಣ್ಣನ ಹಾಗೇ ಮೆಲ್ಲಗೆ ತಿರುವಿದ. ಅಣ್ಣನ ಹಾಗೇ ಕೆಮ್ಮಿದ.

"ಏನೇ ಗಿನ್‌ಚು," ಅಂದಳು ಬೀಹುನ್, "ನಿನ್ನ ಗಂಡ ನನ್ನ ಕೈ ಹಿಡಿದಷ್ಟು ಹೊತ್ತು ನಿನ್ನ ಕೈ ಯಾವತ್ತಾದ್ರೂ ಹಿಡಿದಿದ್ನಾ?"

ಗಿನ್‌ಚು ತಿರುಗಿದಳು. ಬಾಯಿ ತೆರೆದಳು. ಅಷ್ಟರಲ್ಲಿ ಹೋಕ್‌ಸಿಂಗ್ ಎಳೆದ.

ಲಟಕ್ ಅನ್ನಲಿಲ್ಲ. ಹಳೇ ಬಟ್ಟೆ ಹರಿದ ಹಾಗಾಯಿತು. ಅವಳು ಕೂಗಲಿಲ್ಲ. ಪಕ್ಕಕ್ಕೆ ವಾಲಿ ಕಡಲೆಕಾಯಿ ಬುಟ್ಟಿಯ ಮೇಲೆ ವಾಂತಿ ಮಾಡಿಕೊಂಡಳು. ಹೋಕ್‌ಸಿಂಗ್ ಕೈ ಬಿಟ್ಟು ಎದ್ದು ನಿಂತ. ಅವನ ಮುಖ ಸುಣ್ಣದ ಹಾಗೆ ಬಿಳಿಚಿತ್ತು. ಬೀಹುನ್ ಅವಳ ತಲೆ ಹಿಡಿದುಕೊಂಡು, "ಬಾಯಿಗೆ ಬಂದದ್ದು ಅಂದೆ ಕಣೇ, ಬಾಯಿಗೆ ಬಂದದ್ದು," ಅಂತ ಅಳಲು ಶುರುಮಾಡಿದಳು.

ಪೇಟೆ ಆಸ್ಪತ್ರೆಯಲ್ಲಿ ಚಿತ್ರ ತೆಗೆದರು. ಒಳಗೆ ನಾರು ಸ್ವಲ್ಪ ಹರಿದಿದೆ, ಕೊಯ್ಯುವುದು ಬೇಡ ಅಂದರು. ಕೊರಳಿಗೆ ಜೋಲಿ ಹಾಕಿ ಕೈ ಕಟ್ಟಿದರು. ಜೋಲಿ ಬಿಚ್ಚಿದ ಮೇಲೆ ಫಿಸಿಯೋ ಹುಡುಗಿಯ ಹತ್ತಿರ ಕಳಿಸಿದರು. ಹುಡುಗಿ ಬಿಸಿ ಚೀಲ ಇಟ್ಟಳು. ಬಗ್ಗಿ ನಿಂತು ಕೈಯನ್ನು ಗಡಿಯಾರದ ಲೋಲಕದ ಹಾಗೆ ತೂಗಲು ಹೇಳಿದಳು. ಗೋಡೆಯ ಮೇಲೆ ಬೆರಳುಗಳನ್ನು ಏಡಿ ಹತ್ತಿದ ಹಾಗೆ ಹತ್ತಿಸಲು ಹೇಳಿದಳು. ನೋವು ಶುರುವಾದಲ್ಲಿ ನಿಲ್ಲಬೇಕು.

"ಯಾರಜ್ಜಿ ಎಳೆದದ್ದು?"

"ಮೈದುನ."

"ಬಿಗಿದ ಭುಜ ಎಳೀತಾರಾ ಯಾರಾದ್ರೂ?"

"ನಮ್ಮನೆಯವರೂ ಅದನ್ನೇ ಹೇಳಿದ್ರು."

"ಮತ್ತೆ?"

"ನಾನು ಕೇಳಲಿಲ್ಲ."

ವರ್ಷದ ದಿನದೊಳಗೆ ತಲೆ ಮೇಲಕ್ಕೆ ಹೋಗುತ್ತಾ ಅಂತ ಗಿನ್‌ಚು ಕೇಳಿದಳು. "ಭುಜಕ್ಕೆ ಪಂಚಾಂಗ ಗೊತ್ತಿಲ್ಲಜ್ಜಿ," ಅಂದಳು ಹುಡುಗಿ.

ಗಿನ್‌ಚು ದಿನಾ ಅಡುಗೆಮನೆ ಗೋಡೆ ಹತ್ತಿಸಿದಳು. ಕೈ ಮೊದಲು ಒಲೆಕಟ್ಟೆ ಎತ್ತರಕ್ಕೆ ಹೋಯಿತು. ಆಮೇಲೆ ಗೋಡೆಯ ಎಣ್ಣೆಕಲೆವರೆಗೆ. ಕಿವಿಯ ಮಟ್ಟದಲ್ಲಿ ನಿಂತಿತು. ಅಲ್ಲಿಂದ ಮೇಲೆ ಹೋಗಲಿಲ್ಲ. ಬೀಹುನ್ ಮಾತಾಡದೆ ಬಂದು ಸಾರು ಇಟ್ಟು ಹೋಗುತ್ತಿದ್ದಳು. ಗಿನ್‌ಚು ಸಾರು ಕುಡಿಯುತ್ತಿದ್ದಳು, ಪಾತ್ರೆ ತೊಳೆದು ಬಾಗಿಲ ಹೊರಗೆ ಇಡುತ್ತಿದ್ದಳು. ಬೀಹುನ್ ಕೇಳಿದ ಮಾತು ಸುಳ್ಳಾಗಿದ್ದರೆ ಎಂದೋ ಬೈದು ಮುಗಿಸುತ್ತಿದ್ದಳು. ಗಂಡ ಅವಳ ನೋವಿಗೆ ಅಂತ ಕೈ ಇಟ್ಟದ್ದು ತಾನು ಹಾಸಿಗೆ ಹಿಡಿದ ಮೇಲೆ, ಎರಡೇ ಬೆರಳಲ್ಲಿ.

ವರ್ಷದ ದಿನ ಬಂತು. ಬೇಯಿಸಿದ ಕೋಳಿ, ಸಿಂಪಿ ಹಾಕಿ ಹುರಿದ ಶಾವಿಗೆ, ಅವನಿಗೆ ಇಷ್ಟವಾದ ಉಪ್ಪು ಮೊಟ್ಟೆ ಇಟ್ಟರು. ಪುರೋಹಿತ ಮಂತ್ರ ಹೇಳಿದ. ಊರಿನವರು ಬಾಗಿಲವರೆಗೆ ನಿಂತಿದ್ದರು. ಅವರಲ್ಲಿ ಬುನ್‌ಲಾಯ್ ಕೀಲು ಕೂರಿಸದವರು ಕಡಿಮೆ.

ಗಿನ್‌ಚು ಕುಡಿಕೆ ಹಿಡಿದಳು. ಎತ್ತಿದಳು. ಎದೆ ದಾಟಿತು, ಗಲ್ಲ ದಾಟಿತು. ಕಿವಿಯ ಹತ್ತಿರ ನಿಂತಿತು. ಎಡಗೈ ಮೇಲೆ ಹೋಗುತ್ತಿತ್ತು, ಬಲಗೈ ಬರುತ್ತಿರಲಿಲ್ಲ. ಕುಡಿಕೆ ವಾಲಿತು. ಸ್ವಲ್ಪ ಬೂದಿ ಅವಳ ಕುಪ್ಪಸದ ಮೇಲೆ ಚೆಲ್ಲಿತು. ಅವಳು ಹಾಗೇ ನಿಂತಿದ್ದಳು. ಬೆವರು ಇಳಿಯಿತು.

ಆಮೇಲೆ ಕುಡಿಕೆ ಕೆಳಗಿಳಿಸಿ ಹೋಕ್‌ಸಿಂಗ್ ಕಡೆ ಚಾಚಿದಳು.

ಅವಳ ಭುಜ ಹರಿದ ದಿನದಿಂದ ಹೋಕ್‌ಸಿಂಗ್ ಅವಳ ಕಣ್ಣು ತಪ್ಪಿಸಿಕೊಂಡೇ ಓಡಾಡಿದ್ದ. ಈಗ ತೆಗೆದುಕೊಂಡ. ತಲೆಗಿಂತ ಮೇಲೆ ಎತ್ತಿದ. ಬಗ್ಗಿಸಲು ಹೋದ. ತೋಳು ಮರಗಟ್ಟಿತು. ಪುರೋಹಿತ "ಹೂಂ" ಅಂದ. ಮತ್ತೆ "ಹೂಂ" ಅಂದ. ಹೋಕ್‌ಸಿಂಗ್ ಅಳುತ್ತಿದ್ದ, ಬಗ್ಗಿಸುತ್ತಿರಲಿಲ್ಲ.

ಗಿನ್‌ಚು ಹಿಂದೆ ಸರಿದು ಅಡುಗೆಮನೆ ಬಾಗಿಲಲ್ಲಿ ನಿಂತಳು. ತನ್ನ ಜಾಗ ಅದು. ಅಲ್ಲಿಂದ ಬಾಯಿ ಬಿಟ್ಟಳು.

"ಏನ್ರೀ, ಊರಿನ ಹೆಂಗಸರ ಕೈಯೆಲ್ಲ ಹಿಡಿದು ಸಾಕಾಗ್ಲಿಲ್ವಾ ನಿಮಗೆ? ಈಗ ತಮ್ಮನ ಕೈ ಹಿಡ್ಕೊಂಡು ನೇತಾಡ್ತಿದ್ದೀರಾ? ಹೋಗ್ರೀ, ನಿಮ್ಮಮ್ಮ ಜಾಗ ಹಿಡಿದು ಕೂತಿದಾಳೆ! ನನ್ನ ಕೈ ಹಿಡಿಯೋಕೆ ಪುರುಸೊತ್ತಿಲ್ಲದೋರು ಸಾಯೋಕೆ ಮಾತ್ರ ಎಷ್ಟು ಅವಸರ ಮಾಡಿದ್ರಿ!"

ಹೋಕ್‌ಸಿಂಗ್ ಬಾಯಿ ತೆರೆದು ತಿರುಗಿದ. ಕೈ ಸಡಿಲವಾಯಿತು. ಬೂದಿ ಹಿರಿಯರ ಕುಡಿಕೆಗೆ ಬಿತ್ತು.

ಬಾಗಿಲಲ್ಲಿ ಯಾರೋ ನಕ್ಕರು. ನಕ್ಕವರೇ ಅತ್ತರು. ಪುರೋಹಿತ ಗಂಟೆ ಬಾರಿಸಿದ. ಬೀಹುನ್ ಕುಪ್ಪಸದ ತೋಳಲ್ಲಿ ಮೂಗು ಒರೆಸಿಕೊಂಡು ಗಿನ್‌ಚು ಪಕ್ಕಕ್ಕೆ ಬಂದು ನಿಂತಳು. ಗಿನ್‌ಚು ಅವಳ ಹೆಬ್ಬೆರಳ ಕಡೆ ನೋಡಿದಳು. ಮತ್ತೆ ಊದಿತ್ತು.

"ಕೆಲಸ ಬಿಡು ಅಂದ್ರೆ ಯಾರೂ ಕೇಳಲ್ಲ," ಅಂದಳು.

ಒಂದು ವರ್ಷ ತಡವಾಗಿ ಬಂದಿತ್ತು ಬೈಗುಳ. ಕೇಳಬೇಕಾದವನು ಕೇಳಿದನೋ ಇಲ್ಲವೋ. ಜನ ಊಟಕ್ಕೆ ಕೂತ ಮೇಲೆ ಅವಳು ಒಳಗೆ ಹೋದಳು. ಗೋಡೆಗೆ ಬೆರಳಿಟ್ಟಳು. ಬೆರಳು ಎಣ್ಣೆಕಲೆ ದಾಟಿತು, ಕಿವಿಯ ಹತ್ತಿರ ನಿಂತಿತು. ನೋವು ಶುರುವಾಯಿತು. ಅಲ್ಲೇ ಸ್ವಲ್ಪ ಹೊತ್ತು ಇಟ್ಟುಕೊಂಡು ನಿಂತಳು.