ಕೆಂಪು ಚುಕ್ಕೆಯ ಕಾರ್ಡುಗಳು

2005ರಲ್ಲಿ ನಾನು ಪೀಣ್ಯ ಎರಡನೇ ಹಂತದಲ್ಲಿದ್ದ ಕಂಪ್ಯೂಟರ್ ಬಿಡಿಭಾಗಗಳ ವಿತರಣಾ ಸಂಸ್ಥೆಯೊಂದರಲ್ಲಿ ಸರ್ವಿಸ್ ಎಂಜಿನಿಯರ್ ಆಗಿದ್ದೆ. ಪರದೆಯ ಮೇಲೆ ಚಿತ್ರ ಮೂಡಿಸುವ ಗ್ರಾಫಿಕ್ಸ್ ಕಾರ್ಡುಗಳು ವಾರಂಟಿಯಲ್ಲಿ ಹಿಂದಿರುಗಿದಾಗ ನನ್ನ ಮೇಜಿಗೆ ಬರುತ್ತಿದ್ದವು. ಕೆಟ್ಟಿದ್ದರೆ ಬದಲಿ ಕೊಡಿಸುವುದು, ಕೆಡದಿದ್ದರೆ ವಾಪಸು ಕಳಿಸುವುದು, ಮೋಸ ಕಂಡರೆ ಬರೆದು ತಿಳಿಸುವುದು ನನ್ನ ಕೆಲಸ. ಪಕ್ಕದ ಶೆಡ್ಡಿನಲ್ಲಿ ತಗಡು ಒತ್ತುವ ದೊಡ್ಡ ಪವರ್ ಪ್ರೆಸ್ ಇತ್ತು. ಅದು ಬಡಿದಾಗಲೆಲ್ಲ ನನ್ನ ಮೇಜಿನ ಮೇಲಿನ ಸ್ಕ್ರೂಗಳು ಕುಣಿಯುತ್ತಿದ್ದವು. ಹೊಸದಾಗಿ ಬಂದವರು ಬೆಚ್ಚುತ್ತಿದ್ದರು. ನನಗೆ ಅದು ನಿಂತಾಗಲೇ ಬೆಚ್ಚುವಷ್ಟು ಅಭ್ಯಾಸವಾಗಿತ್ತು.

ಮೋಸ ಆಗ ಹೆಚ್ಚುತ್ತಿತ್ತು. ಪ್ರತಿ ಕಾರ್ಡಿನ ಹಿಂಬದಿಗೆ ಸೀರಿಯಲ್ ನಂಬರಿನ ಒಂದು ಸ್ಟಿಕ್ಕರ್ ಇರುತ್ತದೆ. ವಾರಂಟಿ ಮುಗಿದು ಸತ್ತ ಕಾರ್ಡಿಗೆ ಹೊಸ ಕಾರ್ಡಿನ ಸ್ಟಿಕ್ಕರ್ ಅಂಟಿಸಿ ಕಳಿಸಿದರೆ, ಸತ್ತದ್ದರ ಬದಲಿಗೆ ಹೊಸದೊಂದು ಪುಕ್ಕಟೆ ಸಿಗುತ್ತದೆ. ಆ ವರ್ಷ ಯುಗಾದಿಗೆ ಮೊದಲು ಇಂಥ ಹನ್ನೊಂದು ಕಾರ್ಡುಗಳನ್ನು ನಾನು ಹಿಡಿದಿದ್ದೆ. ಮ್ಯಾನೇಜರ್ ನಾಗರಾಜ್ ಅವರು ಎಲ್ಲರೆದುರು, "ಈಕೆ ಕಣ್ಣಿಗೆ ಮಣ್ಣೆರಚೋಕೆ ಆಗಲ್ಲ ಕಣ್ರೀ" ಎಂದು ಹೊಗಳಿದ್ದರು. ಹೊಗಳಿಕೆ ನನ್ನ ತಲೆಗೆ ಏರಿತ್ತು ಎಂದು ಈಗ ಒಪ್ಪಿಕೊಳ್ಳಬಲ್ಲೆ. ಆಮೇಲೆ ನಾನು ಕಾರ್ಡು ನೋಡುವ ಮೊದಲು ಅದನ್ನು ಕಳಿಸಿದವರ ಹೆಸರು ನೋಡಲು ಶುರುಮಾಡಿದೆ.

ಏಪ್ರಿಲ್ ಕೊನೆಯಲ್ಲಿ ಜಾಲಹಳ್ಳಿ ಕ್ರಾಸಿನ ಡೀಲರ್ ಸತೀಶನ ಅಂಗಡಿಯಿಂದ ಮೂರು ಕಾರ್ಡುಗಳು ಬಂದವು. ಗಿರಾಕಿಯ ಹೆಸರು ಹೊನ್ನಮ್ಮ, ಚಿಕ್ಕಬಾಣಾವರ. ದೂರು: 'ಗೇಮ್ ನಿಧಾನ'. ಒಂದು ಸೆಕೆಂಡಿಗೆ ಪರದೆಯ ಮೇಲೆ ಎಷ್ಟು ಚಿತ್ರಗಳು ಮೂಡುತ್ತವೆ ಎಂಬುದೇ ಆಟದ ವೇಗದ ಅಳತೆ. ಅದನ್ನು ಫ್ರೇಮ್ ರೇಟ್ ಎನ್ನುತ್ತೇವೆ. ನನ್ನ ಮೇಜಿನ ಯಂತ್ರದಲ್ಲಿ ಮೂರೂ ಕಾರ್ಡುಗಳು ಐವತ್ತರ ಮೇಲೆಯೇ ಓಡಿದವು. ದೋಷವಿಲ್ಲ ಎಂದು ಬರೆದು ಕಳಿಸಿದೆ. ಮೇ ತಿಂಗಳಲ್ಲಿ ಅವೇ ಮೂರು ಮತ್ತೆ ಬಂದವು. ಮತ್ತೆ ಐವತ್ತರ ಮೇಲೆ. ಮತ್ತೆ ಕಳಿಸಿದೆ.

ಜೂನ್ ಮೊದಲ ವಾರ ಮೂರನೆಯ ಸಲ ಬಂದಾಗ ಕಾರ್ಡುಗಳನ್ನು ದೀಪದ ಕೆಳಗೆ ಹಿಡಿದು ನೋಡಿದೆ. ಮೂರೂ ಸ್ಟಿಕ್ಕರುಗಳ ಅಂಚು ಎದ್ದಿತ್ತು, ಯಾರೋ ಉಗುರಿನಿಂದ ಎಬ್ಬಿಸಿ ಮತ್ತೆ ಒತ್ತಿದ ಹಾಗೆ. ಜೊತೆಗೆ, ಒಂದು ಮೂಲೆಯಲ್ಲಿ ಸಾಸಿವೆ ಕಾಳಿನಷ್ಟು ಕೆಂಪು ಚುಕ್ಕೆ. ಮೂರರಲ್ಲೂ ಒಂದೇ ಜಾಗದಲ್ಲಿ. ಅದು ಕಾರ್ಖಾನೆಯ ಗುರುತಲ್ಲ ಎಂದು ಗೊತ್ತಿತ್ತು. ಯಾವುದು ಅಸಲಿ, ಯಾವುದು ಬದಲಾಯಿಸಿದ್ದು ಎಂದು ನೆನಪಿಡಲು ಕಳ್ಳರು ಇಟ್ಟುಕೊಂಡ ಗುರುತು ಎಂದು ನಾನು ತೀರ್ಮಾನಿಸಿಬಿಟ್ಟೆ.

ನಾಗರಾಜ್ ಅವರಿಗೆ ತೋರಿಸಿದೆ. ಅವರು ಹೆಚ್ಚು ಹೊತ್ತು ನೋಡಲಿಲ್ಲ.

"ಬರೆದುಬಿಡಮ್ಮ, ಸ್ಟಿಕ್ಕರ್ ತಿದ್ದಿದಾರೆ ಅಂತ. ಆ ಹೆಂಗಸು ನಮ್ಮಿಂದ ಕೊಂಡಿರೋ ಆರೂ ಕಾರ್ಡಿನ ವಾರಂಟಿ ರದ್ದು. ಸತೀಶನ ಡೀಲರ್‌ಶಿಪ್ಪೂ ನಿಲ್ಲಿಸೋಣ."

ಬರೆದೆ. ಸಹಿ ಹಾಕಿದೆ. ಆದರೂ ಒಂದು ಮಾತು ಕೊರೆಯುತ್ತಿತ್ತು. ಮೋಸ ಮಾಡುವವರು ಸತ್ತ ಕಾರ್ಡು ಕಳಿಸುತ್ತಾರೆ. ಇವರು ಕಳಿಸಿದ್ದು ಚೆನ್ನಾಗಿ ಓಡುವ ಕಾರ್ಡು. ಇದರಲ್ಲಿ ಅವರಿಗೇನು ಲಾಭ? ನನಗೆ ತಿಳಿಯದ ಹೊಸ ತಂತ್ರವೇನೋ ಇರಬೇಕು, ಹೋಗಿ ಕೈಯಾರೆ ಹಿಡಿಯಬೇಕು ಎನ್ನಿಸಿತು. ಅವರು ನಿರಪರಾಧಿ ಇರಬಹುದು ಎಂದು ಹೋದವಳಲ್ಲ ನಾನು. ಅದನ್ನೂ ಇಲ್ಲಿ ಹೇಳಿಬಿಡಬೇಕು.

ಮರುದಿನ ಮಧ್ಯಾಹ್ನ ಆ ಮೂರು ಕಾರ್ಡು, ಜೊತೆಗೆ ನಮ್ಮ ಗೋದಾಮಿನ ಸೀಲು ಒಡೆಯದ ಒಂದು ಹೊಸ ಕಾರ್ಡು ಚೀಲಕ್ಕೆ ಹಾಕಿಕೊಂಡು ಚಿಕ್ಕಬಾಣಾವರಕ್ಕೆ ಹೋದೆ. ರೈಲ್ವೆ ಸ್ಟೇಷನ್ನಿನಿಂದ ಸ್ವಲ್ಪ ದೂರದಲ್ಲಿ ಎರಡು ಅಂತಸ್ತಿನ ಮನೆ. ಮೇಲೆ ಬಾಡಿಗೆ ಕೋಣೆಗಳು, ಕೆಳಗೆ ರಸ್ತೆಗೆ ಮುಖಮಾಡಿದ ಎರಡು ಕೋಣೆಗಳಲ್ಲಿ ಗೇಮಿಂಗ್ ಸೆಂಟರ್. ಬಾಗಿಲಲ್ಲೇ ಕುರ್ಚಿ ಹಾಕಿಕೊಂಡು ಐವತ್ತು ದಾಟಿದ ಹೆಂಗಸೊಬ್ಬರು ಬೆಳ್ಳುಳ್ಳಿ ಸುಲಿಯುತ್ತಿದ್ದರು. ಅವರೇ ಹೊನ್ನಮ್ಮ. ನಾನು ಯಾರೆಂದು ಹೇಳಿದೆ. ಮೊರ ಪಕ್ಕಕ್ಕಿಟ್ಟು ಎದ್ದು ನಿಂತರು.

"ಕಂಪ್ನಿಯೋರಾ? ಬನ್ನಿ ಬನ್ನಿ, ನಿಮ್ಮನ್ನೇ ಕಾಯ್ತಿದ್ದೆ. ಅಳೇ ಕಾರ್ಡಿಗೆ ಒಸ ಚೀಟಿ ಅಂಟಿಸಿ ಮಾರೋರು ನೀವೇ ತಾನೆ?"

ನಾನು ಅವರ ಮೇಲೆ ಹೊರಿಸಲು ಕೊಂಡುಹೋಗಿದ್ದ ಅಪವಾದವನ್ನೇ, ಹೆಚ್ಚುಕಡಿಮೆ ಅದೇ ಮಾತುಗಳಲ್ಲಿ, ಅವರು ನನ್ನ ಮೇಲೆ ಹೊರಿಸಿದ್ದರು. ಚೀಲದಿಂದ ಒಂದು ಕಾರ್ಡು ತೆಗೆದು, ಈ ಕೆಂಪು ಚುಕ್ಕೆ ಯಾರಿಟ್ಟದ್ದು ಎಂದು ಗಡುಸಾಗಿ ಕೇಳಿದೆ.

"ನಾನೇ ಕಣವ್ವ. ನನ್ ಸೊಸೆ ಉಗುರಿಗೆ ಆಕೋ ಬಣ್ಣ. ಮೊದಲ್ನೇ ಸಲ ಕಳ್ಸಿದಾಗ ಬೇರೆ ಕಾರ್ಡು ಕೊಟ್ಟವ್ರೇನೋ ಅಂತ ಅನ್ಮಾನ ಬಂತು. ಕುರಿ ಇನ್ನೊಬ್ರು ಮಂದೇಲಿ ಸೇರ್ಕಂಡ್ರೆ ಗುರ್ತು ಇರ್ಲಿ ಅಂತ ಬಣ್ಣ ಆಕಲ್ವಾ, ಅಂಗೆ ಆಕಿ ಕಳ್ಸಿದೆ. ಚುಕ್ಕೆ ಇರೋವೇ ವಾಪಸ್ ಬಂದ್ವು. ಅಂಗಾರೆ ಮಾರೋವಾಗ್ಲೇ ಅಳೇವು ಕೊಟ್ಟವ್ರೆ ಅಂತ, ಚೀಟಿ ಅಡೀಲಿ ಇನ್ನೊಂದು ಚೀಟಿ ಐತಾ ಅಂತ ಎಬ್ಬಿಸಿ ನೋಡ್ದೆ."

"ಇತ್ತಾ?"

"ಇರ್ಲಿಲ್ಲ. ಅದ್ಕೇ ತಲೆ ಕೆಟ್ಟೋಗೈತೆ."

ಅವರು ಒಳಗೆ ಕರೆದುಕೊಂಡು ಹೋದರು. ಆರು ಯಂತ್ರಗಳು. ಒಂದು ಕೋಣೆಯ ಮೂರರಲ್ಲಿ ಹತ್ತಿರದ ಎಂಜಿನಿಯರಿಂಗ್ ಕಾಲೇಜಿನವರು ಆಡುತ್ತಿದ್ದರು. ಇನ್ನೊಂದು ಕೋಣೆಯ ಮೂರು ಖಾಲಿ. ಆ ಕೋಣೆಗಳನ್ನು ಗೋದಾಮಿಗೆ ಬಾಡಿಗೆ ಕೊಡೋಣ ಎಂದು ಮನೆಯ ಗಂಡಸರೆಲ್ಲ ಹೇಳಿದ್ದರಂತೆ. ಹಟ ಮಾಡಿ ಈ ಸೆಂಟರ್ ತೆರೆದದ್ದು ಹೊನ್ನಮ್ಮ. ಈಗ ಸ್ಟೇಷನ್ ಹತ್ತಿರ ಇನ್ನೊಂದು ಸೆಂಟರ್ ಬಂದಿತ್ತು, ಆಡುವವರು ಅತ್ತ ಸರಿಯುತ್ತಿದ್ದರು.

"ಇದ್ರಲ್ಲಿ ಕಾರು ಓಡ್ಸುದ್ರೆ ಎತ್ತಿನ್ ಗಾಡಿ ಓದಂಗೆ ಓಯ್ತದೆ ಅಂತಾರೆ. ಇವತ್ತು ನೀವು ಏನಾರ ಏಳ್ದೆ ಓದ್ರೆ, ತಿಂಗ್ಳು ಕೊನೇಗೆ ಬಾಗ್ಲು ಆಕ್ಸ್ತಾರೆ ನಮ್ಮೋರು" ಎಂದರು.

ಖಾಲಿ ಯಂತ್ರವೊಂದಕ್ಕೆ ಅವರದೇ ಕಾರ್ಡು ಹಾಕಿ ಆಟ ಓಡಿಸಿದೆ. ಹತ್ತೊಂಬತ್ತು. ನನ್ನ ಮೇಜಿನ ಮೇಲೆ ಐವತ್ತೆರಡು ತೋರಿಸಿದ್ದ ಕಾರ್ಡು ಅದು. ಅವರ ಕಣ್ಣೆದುರೇ ಸೀಲು ಒಡೆದು ಹೊಸ ಕಾರ್ಡು ಹಾಕಿದೆ. ಅದೂ ಹತ್ತೊಂಬತ್ತು. ಕಾರ್ಡಿನಲ್ಲಿ ಮೋಸವೂ ಇರಲಿಲ್ಲ, ದೋಷವೂ ಇರಲಿಲ್ಲ.

ಆದರೂ ಅನುಮಾನ ಅಷ್ಟು ಸುಲಭವಾಗಿ ಬಿಡುವುದಿಲ್ಲ. ಎಲ್ಲ ಭಾಗಗಳೂ ಕೂಡುವ ಮುಖ್ಯ ಹಲಗೆಯಾದ ಮದರ್‌ಬೋರ್ಡನ್ನೇ ಬದಲಾಯಿಸಿದ್ದಾರೇನೋ ಎಂದು ಆರೂ ಪೆಟ್ಟಿಗೆಗಳ ಮುಚ್ಚಳ ಬಿಚ್ಚಿ ನೋಡಿದೆ. ಎಲ್ಲವೂ ಒಂದೇ ಮಾದರಿ. ಹೊನ್ನಮ್ಮ ನನ್ನ ಹಿಂದೆಯೇ ನಿಂತು, ನಾನು ಏನಾದರೂ ಕದಿಯುತ್ತೇನೇನೋ ಎಂಬಂತೆ ಪ್ರತಿ ಸ್ಕ್ರೂ ಎಣಿಸುತ್ತಿದ್ದರು.

ಕೊನೆಗೆ ಉಳಿದದ್ದು ಬಯಾಸ್. ಕಂಪ್ಯೂಟರ್ ಹೊತ್ತಿಕೊಂಡ ಕೂಡಲೇ, ಮಿಕ್ಕೆಲ್ಲ ತಂತ್ರಾಂಶಗಳಿಗಿಂತ ಮೊದಲು ಎಚ್ಚರವಾಗಿ, ಯಾವ ಭಾಗ ಹೇಗೆ ಕೆಲಸ ಮಾಡಬೇಕೆಂದು ಹೇಳುವ ಚಿಕ್ಕ ತಂತ್ರಾಂಶ ಅದು. ಡಿಲೀಟ್ ಕೀ ಒತ್ತಿ ಒಳಹೊಕ್ಕೆ. ಆಗಿನ ಗ್ರಾಫಿಕ್ಸ್ ಕಾರ್ಡುಗಳು ಎಜಿಪಿ ಎಂಬ ಪ್ರತ್ಯೇಕ ದಾರಿಯ ಮೂಲಕ ಯಂತ್ರದ ಮುಖ್ಯ ಮೆಮೊರಿಯೊಂದಿಗೆ ಮಾತಾಡುತ್ತಿದ್ದವು. ಈ ಯಂತ್ರದಲ್ಲಿ 'ಎಜಿಪಿ 8ಎಕ್ಸ್' ಎಂಬ ಸೆಟ್ಟಿಂಗ್ ಮುಚ್ಚಿತ್ತು. ಕಾರ್ಡು ಅತಿ ನಿಧಾನದ 1ಎಕ್ಸ್ ವೇಗದಲ್ಲಿ ತೆವಳುತ್ತಿತ್ತು. ಆಟದ ದೊಡ್ಡ ದೊಡ್ಡ ಚಿತ್ರಗಳಿಗಾಗಿ ಕಾರ್ಡು ಮುಖ್ಯ ಮೆಮೊರಿಯಿಂದ ಎಷ್ಟು ಜಾಗ ಎರವಲು ಪಡೆಯಬಹುದು ಎಂಬ ಮಿತಿಯನ್ನು ಬರೀ 4 ಎಂಬಿಗೆ ಇಳಿಸಲಾಗಿತ್ತು. ಪಕ್ಕದ ಕೋಣೆಯ ಯಂತ್ರಗಳಲ್ಲಿ 8ಎಕ್ಸ್ ತೆರೆದಿತ್ತು, ಮಿತಿ 128 ಇತ್ತು.

ಸೆಟ್ಟಿಂಗ್ ತಾನಾಗಿ ಬದಲಾಗುವುದಿಲ್ಲ. ಸತೀಶನಿಗೆ ಫೋನ್ ಮಾಡಿದೆ. ಮೊದಲು ತನಗೇನೂ ಗೊತ್ತಿಲ್ಲ ಎಂದ. ಮುಚ್ಚಿದ್ದ ಸೆಟ್ಟಿಂಗಿನ ಹೆಸರನ್ನು ಓದಿ ಹೇಳಿದೆ. ಆಗ ಒಪ್ಪಿಕೊಂಡ.

"ಮೇಡಂ, ಬೇಸ್ಗೇಲಿ ಆ ಮೂರೂ ಹ್ಯಾಂಗ್ ಆಗ್ತಿದ್ವು. ಹೊನ್ನಮ್ಮ ದಿನಾ ಫೋನ್ ಮಾಡಿ ಬೈಯೋರು. ಫೇಲ್‌ಸೇಫ್ ಕೊಟ್ಬಿಟ್ಟೆ. ಹ್ಯಾಂಗ್ ನಿಂತೋಯ್ತು. ಆಟ ನಿಧಾನ ಆಗುತ್ತೆ ಅಂತ ಹೇಳಿದ್ರೆ ಮಷೀನೇ ವಾಪಸ್ ಕೊಟ್ಬಿಡ್ತಾರೆ ಅನ್ನೋ ಭಯ ಕಣ್ರೀ. ಕಾರ್ಡ್ ಕಳಿಸ್ತಾ ಇದ್ರೆ ನೀವೇ ಒಂದಿನ ಬದಲಿ ಕೊಡ್ತೀರ, ಸುಮ್ನಾಗ್ತಾರೆ ಅಂದ್ಕೊಂಡೆ."

ಫೇಲ್‌ಸೇಫ್ ಎಂದರೆ ಯಂತ್ರ ಹೇಗಾದರೂ ಓಡಲಿ ಎಂದು ಎಲ್ಲ ವೇಗವನ್ನೂ ಕಡಿಮೆ ಮಾಡುವ ಆಯ್ಕೆ. ಜ್ವರ ಬಂದವನನ್ನು ಮಂಚಕ್ಕೆ ಕಟ್ಟಿಹಾಕಿದಂತೆ. ಜ್ವರ ಯಾಕೆ ಬಂತೆಂದು ಯಾರೂ ನೋಡಿರಲಿಲ್ಲ.

8ಎಕ್ಸ್ ತೆರೆದು, ಮಿತಿಯನ್ನು 128ಕ್ಕೆ ಏರಿಸಿ, ಉಳಿಸಿ, ಮತ್ತೆ ಹೊತ್ತಿಸಿದೆ. ಪರದೆಯ ಮೇಲೆ ಐವತ್ತು ಕಂಡಿತು. ಹೊನ್ನಮ್ಮ ಬಾಗಿ ನೋಡಿದರು. ನಾನು ಏನೋ ಹೇಳಲು ಬಾಯಿ ತೆರೆಯುವಷ್ಟರಲ್ಲಿ ಚಿತ್ರ ಕಲ್ಲಾಗಿ ನಿಂತಿತು.

"ನೋಡುದ್ರಾ! ಇದೇ ಅವತ್ತು ಆಯ್ತಿದ್ದಿದ್ದು. ಇನ್ನ ನಂಬೋದು ಯಾರ್ನ ಏಳಿ?"

ಸೆಟ್ಟಿಂಗ್ ಮತ್ತೆ ಮುಚ್ಚಿ, 'ಯಂತ್ರದ ಸ್ವಭಾವವೇ ಹೀಗೆ' ಎಂದು ಹೇಳಿ ಎದ್ದು ಬಂದುಬಿಡಬಹುದಿತ್ತು. ಸತೀಶ ಮಾಡಿದ್ದು ಅದನ್ನೇ. ಚೆನ್ನಾಗಿ ಓಡುತ್ತಿದ್ದ ಯಂತ್ರದ ಮುಂದೆ ಕುಳಿತಿದ್ದ ಹುಡುಗನನ್ನು ಎಬ್ಬಿಸಿ, ಅದರ ತಂತ್ರಾಂಶಗಳ ಪಟ್ಟಿಯನ್ನು ಕಾಗದದ ಮೇಲೆ ಬರೆದುಕೊಂಡೆ. ನಿಧಾನದ ಯಂತ್ರದ ಪಟ್ಟಿಯನ್ನು ಅದರ ಪಕ್ಕದಲ್ಲಿ ಬರೆದೆ. ಈ ಎರಡನೆಯದರಲ್ಲಿ ಒಂದು ಸಾಲು ಕಡಿಮೆ ಬಂತು. ಮದರ್‌ಬೋರ್ಡಿನ ಜೊತೆ ಬರುವ ಸಿ.ಡಿ.ಯಲ್ಲಿ ಚಿಪ್‌ಸೆಟ್ ಡ್ರೈವರ್ ಇರುತ್ತದೆ. ಎಜಿಪಿ ದಾರಿಯನ್ನು ಹೇಗೆ ಬಳಸಬೇಕೆಂದು ಯಂತ್ರಕ್ಕೆ ಕಲಿಸುವುದೇ ಅದು. ಆ ಮೂರು ಯಂತ್ರಗಳಲ್ಲಿ ಸತೀಶ ಅದನ್ನು ಹಾಕಿಯೇ ಇರಲಿಲ್ಲ. ಹೊನ್ನಮ್ಮ ದೇವರ ಮನೆಯ ಗೂಡಿನಿಂದ ಸಿ.ಡಿ. ತಂದುಕೊಟ್ಟರು. ಯಂತ್ರದ ಜೊತೆ ಬಂದ ಯಾವ ಕಾಗದವನ್ನೂ, ಯಾವ ಡಬ್ಬವನ್ನೂ ಅವರು ಬಿಸಾಡಿರಲಿಲ್ಲ.

ಡ್ರೈವರ್ ಹಾಕಿದ ಮೇಲೆ ಆಟ ನಿಲ್ಲಲಿಲ್ಲ. ಅರ್ಧ ಗಂಟೆ ಓಡಿಸಿದೆವು, ಐವತ್ತರ ಕೆಳಗೆ ಇಳಿಯಲಿಲ್ಲ. ಮಿಕ್ಕ ಎರಡನ್ನೂ ಸರಿಮಾಡುವ ಹೊತ್ತಿಗೆ ಪಕ್ಕದ ಕೋಣೆಯವರು ಬಂದು ಅಲ್ಲಿಯೂ ಕುಳಿತುಬಿಟ್ಟಿದ್ದರು.

ಹೊನ್ನಮ್ಮ ಕಾಫಿ ಕೊಟ್ಟರು. ಕುಡಿಯಲು ಆಗಲಿಲ್ಲ. ಕಚೇರಿಯಲ್ಲಿ ಅವರ ಬಗ್ಗೆ ಏನು ಬರೆದು ಸಹಿ ಹಾಕಿದ್ದೇನೆಂದು ಹೇಳಿಬಿಟ್ಟೆ. ಅವರು ಸೆರಗಿನಿಂದ ಮುಖ ಒರೆಸಿಕೊಂಡರು.

"ನೀವಾರ ಒಂದ್ ಕಾಗ್ದದಲ್ಲಿ ಬರುದ್ರಿ ಕಣವ್ವ. ನಾನು ನಿಮ್ಮನ್ನ ಕಳ್ರು ಅಂತ ಊರ್ಗೆಲ್ಲ ಏಳ್ಕಂಡ್ ಬಂದಿವ್ನಿ. ನೀವು ಕಾಗ್ದ ಅರುದ್ರೆ ಮುಗೀತು. ನಾನು ಮನೆ ಮನೆಗೂ ಓಗ್ಬೇಕು."

ಕಾಗದ ಹರಿಯುವುದು ಅವರು ಅಂದುಕೊಂಡಷ್ಟು ಸುಲಭವಾಗಲಿಲ್ಲ. ಮರುದಿನ ಕಚೇರಿಗೆ ಹೋದಾಗ ನಾಗರಾಜ್ ಅವರು ನನ್ನ ವರದಿಯನ್ನು ಮುಖ್ಯ ಕಚೇರಿಗೆ ಕಳಿಸಿಯಾಗಿತ್ತು. "ಬಿಟ್ಬಿಡಮ್ಮ. ಒಂದ್ಸಲ ತಪ್ಪು ಅಂತ ಬರೆದುಕೊಟ್ರೆ, ನೀನು ಹಿಡಿದ ಹನ್ನೊಂದು ಕಾರ್ಡಿನ ಮೇಲೂ ಜನ ಪ್ರಶ್ನೆ ಎತ್ತುತಾರೆ" ಎಂದರು. ಅವರ ಮಾತಿನಲ್ಲಿ ನಿಜವಿತ್ತು. ಎತ್ತಲಿ, ಎತ್ತಬೇಕಾದದ್ದೇ ಎಂದು ನನಗೆ ಮೊದಲ ಸಲ ಅನ್ನಿಸಿತು. ಕಾರ್ಡುಗಳಲ್ಲಿ ದೋಷವಿಲ್ಲ, ಗಿರಾಕಿ ಏನನ್ನೂ ತಿದ್ದಿಲ್ಲ, ಪರೀಕ್ಷೆ ಅರ್ಧಕ್ಕೇ ನಿಲ್ಲಿಸಿ ತೀರ್ಮಾನ ಬರೆದದ್ದು ನನ್ನ ತಪ್ಪು ಎಂದು ಎರಡನೆಯ ವರದಿ ಬರೆದು ನಾನೇ ಕಳಿಸಿದೆ. ಹೊನ್ನಮ್ಮನ ವಾರಂಟಿ ಉಳಿಯಿತು. ಸತೀಶನ ಡೀಲರ್‌ಶಿಪ್ ಕೆಲವು ದಿನ ನಿಂತು ಮತ್ತೆ ತೆರೆಯಿತು. ನನಗೆ ಒಂದು ಮೆಮೊ ಬಂತು. ನಾಗರಾಜ್ ಅವರು ಆಮೇಲೆ ಎಲ್ಲರೆದುರು ನನ್ನನ್ನು ಹೊಗಳಲಿಲ್ಲ. ಹಿಡಿದಿದ್ದ ಹನ್ನೊಂದನ್ನೂ ನಾನು ಮತ್ತೆ ತೆಗೆಸಿ ನೋಡಿದೆ. ಹತ್ತು ನಿಜವಾಗಿಯೂ ಮೋಸ. ಒಂದರ ಬಗ್ಗೆ ಇಂದಿಗೂ ಖಚಿತವಾಗಿ ಹೇಳಲಾರೆ.

ಇನ್ನೂ ಆರು ವರ್ಷ ಆ ಮೇಜಿನಲ್ಲಿದ್ದೆ. ಅನುಮಾನ ಪಡುವುದನ್ನು ಬಿಡಲಿಲ್ಲ. ಬಿಟ್ಟರೆ ಆ ಕೆಲಸ ಮಾಡಲಾಗದು. ಆದರೆ ವಾರಂಟಿ ಫಾರ್ಮಿನ ಕೆಳಗೆ ನಾನೇ ಪೆನ್ನಿನಲ್ಲಿ ಒಂದು ಸಾಲು ಸೇರಿಸುತ್ತಿದ್ದೆ: 'ಕಾರ್ಡು ಕೆಲಸ ಮಾಡುತ್ತಿದ್ದ ಯಂತ್ರವನ್ನು ನೋಡಲಾಗಿದೆ / ನೋಡಿಲ್ಲ.' ಬಹುಪಾಲು ಸಲ 'ನೋಡಿಲ್ಲ' ಎಂದೇ ಗುರುತು ಹಾಕಬೇಕಾಗುತ್ತಿತ್ತು. ಹಾಗೆ ಗುರುತು ಹಾಕಿದ ಫಾರ್ಮಿನಲ್ಲಿ ಕಾರ್ಡಿನ ಬಗ್ಗೆ ಮಾತ್ರ ಬರೆಯುತ್ತಿದ್ದೆ, ಅದನ್ನು ಕಳಿಸಿದವರ ಬಗ್ಗೆ ಒಂದಕ್ಷರವನ್ನೂ ಬರೆಯುತ್ತಿರಲಿಲ್ಲ.