ಹಗ್ಗ ಹರಿದದ್ದು ಯಾರ ವಜ್ಜಾಕ್ಕೆ?

ಆಗಿನ ಪಂಚಮಿ ಎಷ್ಟು ಚೆಂದಿತ್ತು ಎಂದು ಯಾರಾದರೂ ಮಾತು ತೆಗೆದರೆ ಎಲ್ಲರೂ ಹೂಂಗುಟ್ಟುತ್ತಾರೆ. ನಾನೂ ಹೂಂಗುಟ್ಟುತ್ತೇನೆ, ಆದರೆ ಹಲ್ಲು ಕಚ್ಚಿಕೊಂಡು. ಚೆಂದಿತ್ತು, ಇಲ್ಲವೆನ್ನುವವಳು ನಾನಲ್ಲ. ಎಂಬತ್ತರ ದಶಕದ ನಡುವಿನ ವರ್ಷಗಳು. ನವಲಗುಂದದ ಕಡೆಯ ನಮ್ಮ ಎರೆಭೂಮಿಯ ಊರಿನಲ್ಲಿ ಶ್ರಾವಣ ಬಂತೆಂದರೆ ಓಣಿ ತುಂಬ ಹುರಿದ ಶೇಂಗಾದ ವಾಸನೆ, ಬೆಲ್ಲದ ಪಾಕದ ವಾಸನೆ. ಮನೆಮನೆಯಲ್ಲೂ ಜೋಳ ಸಿಡಿದು ಅಳ್ಳಾಗುವ ಪಟಪಟ ಸಪ್ಪಳ. ರೊಟ್ಟಿ ಪಂಚಮಿಯ ದಿನ ಎಳ್ಳು ಹಚ್ಚಿದ ಸಜ್ಜೆಯ ಖಡಕ್ ರೊಟ್ಟಿಗಳನ್ನು ಬುಟ್ಟಿಯಲ್ಲಿಟ್ಟುಕೊಂಡು ಮನೆಯಿಂದ ಮನೆಗೆ ಓಡಾಡುತ್ತಿದ್ದೆವು. ಹುಡುಗರು ಕೊಬ್ಬರಿ ಬಟ್ಟಲಕ್ಕೆ ದಾರ ಪೋಣಿಸಿ ಗಿರಗಿರ ತಿರುಗಿಸುತ್ತಿದ್ದರು. ದೊಡ್ಡವರು ಲಿಂಬೆಹಣ್ಣು ಎಸೆದು ಪಂದ್ಯ ಕಟ್ಟುತ್ತಿದ್ದರು. ಹೆಣ್ಣುಮಕ್ಕಳಿಗೆ ಜೋಕಾಲಿ.

ಆ ಜೋಕಾಲಿಯ ಮಾತು ಬಂದರೆ ಮಾತ್ರ ನನಗೆ ಸಿಟ್ಟು ಬರುತ್ತದೆ. ನಲವತ್ತು ವರ್ಷವಾಯಿತು, ಇನ್ನೂ ಇಳಿದಿಲ್ಲ.

ಗಂಗಕ್ಕ ನಮ್ಮ ದೊಡ್ಡಪ್ಪನ ಮಗಳು. ಆ ಬೇಸಿಗೆಯಲ್ಲಷ್ಟೇ ಅವಳನ್ನು ತಿರ್ಲಾಪುರಕ್ಕೆ ಕೊಟ್ಟಿದ್ದರು. ಮದುವೆಯಾದ ಮೊದಲ ಪಂಚಮಿಗೆ ಮಗಳನ್ನು ತವರಿಗೆ ಕರೆತರಬೇಕು, ಜೋಕಾಲಿಯಲ್ಲಿ ಮೊದಲು ಅವಳನ್ನೇ ಕೂರಿಸಬೇಕು. ಇದು ನಮ್ಮ ಕಡೆಯ ಪದ್ಧತಿ. ಗಂಗಕ್ಕ ಎತ್ತರದ, ತುಂಬಿದ ಮೈಯ ಹುಡುಗಿ. ತಲೆಯ ಮೇಲೊಂದು, ಟೊಂಕದ ಮೇಲೊಂದು ಕೊಡ ಹೊತ್ತು ಕೆರೆಯಿಂದ ಒಂದೇ ಉಸಿರಿಗೆ ಬರುತ್ತಿದ್ದಳು. ಆಗ ಆ ಮೈ ಎಲ್ಲರಿಗೂ ಬೇಕಿತ್ತು. ಆ ಮೈ ಜೋಕಾಲಿ ಆಡಬೇಕೆಂದಾಗ ಮಾತ್ರ ಎಲ್ಲರಿಗೂ ನಗೆ.

ಹಬ್ಬದ ದಿನ ಬೆಳಕು ಹರಿಯುವ ಮೊದಲೇ ನನ್ನ ಅಣ್ಣ ಬಸು ಮತ್ತವನ ಗೆಳೆಯ ಓಣಿಯ ಬೇವಿನ ಗಿಡಕ್ಕೆ ಕಟ್ಟಿದ್ದ ಜೋಕಾಲಿ ಹಿಡಿದಿದ್ದರು. ಬಸುಗೆ ಆಗ ಹದಿನಾರು, ಕಡ್ಡಿಯಂಥ ಮೈ. ಇಬ್ಬರೂ ಹಲಗೆಯ ಮೇಲೆ ಎದುರುಬದುರು ನಿಂತು ಮಂಡಿ ಮಡಚಿ ಮಡಚಿ ಜೀಕುತ್ತಿದ್ದರು. ಮೇಲೆ ಹೋದಾಗ ಬೇವಿನ ಎಲೆಯನ್ನು ಬಾಯಿಂದ ಕಚ್ಚಿ ತರಬೇಕು, ಅದೇ ಅವರ ಪಂದ್ಯ. ಹಗ್ಗ ಕೆಳಗೆ ಬಂದಾಗೊಮ್ಮೆ ಟೊಂಗೆ ಕರ್ ಎನ್ನುತ್ತಿತ್ತು. ಹಗ್ಗ ಉಜ್ಜಬಾರದೆಂದು ಟೊಂಗೆಗೆ ಸುತ್ತಿದ್ದ ಗೋಣಿತಟ್ಟು ಜಾರಿ ಕೆಳಗೆ ಬಿತ್ತು. ಅದನ್ನು ನಾನೇ ಎತ್ತಿಕೊಟ್ಟೆ. ಬಸು ಅದನ್ನು ಗಿಡದ ಬುಡಕ್ಕೆ ಎಸೆದು ಮತ್ತೆ ಜೀಕಿದ. ಬಿಸಿಲೇರುವ ತನಕ ಇಬ್ಬರೂ ಇಳಿಯಲಿಲ್ಲ.

ನಾಗಪ್ಪನಿಗೆ ಹಾಲೆರೆದು ಬಂದ ಮೇಲೆ ಗಂಗಕ್ಕ ಹೊಸ ಇಳಕಲ್ ಸೀರೆಯುಟ್ಟು, ಕೈ ತುಂಬ ಹಸಿರು ಬಳೆ ತೊಟ್ಟು ಬಂದಳು. ನಾಚಿಕೊಂಡೇ ಹಲಗೆಯ ಮೇಲೆ ಕೂತಳು. ನಾನು ಹಿಂದಿನಿಂದ ಮೆಲ್ಲಗೆ ನೂಕಿದೆ. ಒಂದು ಜೀಕು, ಎರಡು ಜೀಕು. ಮೂರನೆಯದಕ್ಕೆ ಅವಳು ಬಾಯಿ ತೆರೆದು ನಕ್ಕದ್ದು ನನಗೆ ನೆನಪಿದೆ. ಅಷ್ಟರಲ್ಲಿ ಟೊಂಗೆಯ ಹತ್ತಿರವೇ ಹಗ್ಗ ಹರಿಯಿತು.

ಬಳೆಗಳೆಲ್ಲ ಪುಡಿಯಾದವು. ಬಲಗೈ ಮಣಿಕಟ್ಟಿನ ಹತ್ತಿರ ಮುರಿಯಿತು. ಹೆಂಗಸರು ಓಡಿ ಬಂದು ಎತ್ತಿದರು, ನಿಜ. ಆದರೆ ಎತ್ತುವ ಮೊದಲು ನಕ್ಕರು. ಎಲ್ಲರಿಗಿಂತ ಜೋರಾಗಿ ನಕ್ಕವನು ನನ್ನ ಅಣ್ಣ.

“ಅಕ್ಕನ ವಜ್ಜಾಕ್ಕ ಗಿಡಾನ ಬಗ್ಗಿತ್ತು, ಹಗ್ಗದ್ದೇನ ಬಿಡ್ರಿ,” ಅಂದ.

ವಜ್ಜಾ ಅಂದರೆ ನಮ್ಮ ಕಡೆ ಭಾರ. ಚೀಲಕ್ಕೆ ವಜ್ಜಾ, ಕಲ್ಲಿಗೆ ವಜ್ಜಾ, ಮನಸ್ಸಿಗೂ ವಜ್ಜಾ. ನಮ್ಮ ಜನರ ಪ್ರಕಾರ ಅದು ಕುಂತಲ್ಲಿ ನಿಂತಲ್ಲಿ ಬದಲಾಗದ ವಸ್ತು, ಹುಟ್ಟಿನಿಂದ ಮೈಗೆ ಅಂಟಿಕೊಂಡು ಬಂದದ್ದು. ಹಾಗಾಗಿ ಹಗ್ಗ ಹರಿಯಿತೆಂದರೆ ವಜ್ಜಾ ಇದ್ದವರೇ ಹರಿದಿರಬೇಕು. ಮುಂಜಾನೆಯಿಂದ ಅದೇ ಹಗ್ಗ ಏನೇನು ತಾಳಿಕೊಂಡಿತ್ತೆಂದು ಒಬ್ಬರೂ ಕೇಳಲಿಲ್ಲ.

ಹಬ್ಬ ಮುಗಿದು ಶಾಲೆ ಶುರುವಾಯಿತು. ನಾನು ಏಳನೇ ಇಯತ್ತೆ. ವಿಜ್ಞಾನದ ಮಾಸ್ತರು ಗುರುತ್ವಾಕರ್ಷಣೆಯ ಪಾಠ ತೆಗೆದರು. ಗುರುವಿನ ಆಕರ್ಷಣೆ ಅಂದರೆ ಮಾಸ್ತರು ಕಿವಿ ಹಿಡಿದು ಎಳೆಯುವುದೇ ಇರಬೇಕೆಂದು ನಾವು ತಿಳಿದಿದ್ದೆವು. ಅಂದು ಅವರು ಉದಾಹರಣೆ ಕೊಟ್ಟರು. ಭಾರ ಹೆಚ್ಚಿದ್ದಷ್ಟೂ ಭೂಮಿ ಹೆಚ್ಚು ಎಳೆಯುತ್ತದೆ, ಮೊನ್ನೆ ಗಂಗವ್ವ ಜೋಕಾಲಿ ಹರಿದುಕೊಂಡು ಬಿದ್ದದ್ದು ನೋಡಿದಿರಲ್ಲ, ಅದೇ ವಿಜ್ಞಾನ ಎಂದರು. ಇಡೀ ವರ್ಗ ಗೊಳ್ಳೆಂದಿತು. ನಾನು ಎದ್ದು ನಿಂತು, ಮುಂಜಾನೆ ಹುಡುಗರು ಜೋರಾಗಿ ಜೀಕಿ ಹಗ್ಗ ಸವೆಸಿದ್ದರು ಎಂದೆ. ಸಣಕಲು ಹುಡುಗರು ಹಗ್ಗ ಸವೆಸುತ್ತಾರೇನು, ಕುಂಡ್ರು ಎಂದರು. ಕುಂತೆ. ಅಕ್ಕನನ್ನು ನೋಡಿ ಊರು ನಕ್ಕಿತ್ತು, ಈಗ ವಿಜ್ಞಾನವೂ ನಗುತ್ತಿದೆಯಲ್ಲ ಎಂದು ಮೈಯೆಲ್ಲ ಉರಿಯಿತು.

ಆಗ ನೆನಪಾದದ್ದು ಹುಸೇನಸಾಬ ಕಾಕಾನ ಕಾಟಾ. ಕಾಕಾ ನಮ್ಮೂರಿನ ಹತ್ತಿ ವ್ಯಾಪಾರಿ. ಅವನ ಗೋದಾಮಿನ ತೊಲೆಗೆ ಗಡಿಯಾರದಂಥ ಮುಖದ ದೊಡ್ಡ ತೂಕದ ಕಾಟಾ ತೂಗುಬಿಟ್ಟಿತ್ತು, ಕೆಳಗೆ ಕೊಕ್ಕೆ. ಸುಗ್ಗಿಯಲ್ಲಿ ಹತ್ತಿಯ ಗಂಟುಗಳನ್ನು ಕೊಕ್ಕೆಗೆ ಹಾಕುವಾಗ ಕಾಕಾ ಹಮಾಲರಿಗೆ ದಿನಕ್ಕೆ ನೂರು ಸಲ ಹೇಳುತ್ತಿದ್ದ: ಗಂಟು ಜೋತಾಡಿಸಬ್ಯಾಡ್ರಿ, ನಿಂತ ಮ್ಯಾಲ ಮುಳ್ಳ ನೋಡ್ರಿ. ಜೋತಾಡುವ ಗಂಟು ಇದ್ದದ್ದಕ್ಕಿಂತ ಹೆಚ್ಚು ತೋರಿಸುತ್ತದೆ ಎಂದು ಊರಿನ ಪ್ರತಿಯೊಬ್ಬ ರೈತನಿಗೂ ಗೊತ್ತಿತ್ತು. ಹತ್ತಿಯ ವಿಷಯದಲ್ಲಿ ಎಲ್ಲರೂ ಶಾಣ್ಯಾರು. ಹೆಣ್ಣುಮಗಳ ವಿಷಯದಲ್ಲಿ ಅದೇ ಬುದ್ಧಿ ಎಲ್ಲಿಗೆ ಹೋಗಿತ್ತೋ.

ಕಾಕಾನ ಹತ್ತಿರ ಹೋಗಿ ಎಲ್ಲ ಹೇಳಿದೆ. ಅವನು ಗಡ್ಡ ಕೆರೆದುಕೊಂಡು ಕೇಳಿಸಿಕೊಂಡ. ಹತ್ತಿಯ ಕಾಲವಲ್ಲ, ಗೋದಾಮು ಖಾಲಿ ಬಿದ್ದಿತ್ತು. ಕೊಕ್ಕೆಗೆ ಹೊಸ ಹಗ್ಗ ಬಿಗಿದು, ಹಲಗೆ ಕಟ್ಟಿ, ತಾನೇ ಒಮ್ಮೆ ಜಗ್ಗಿ ನೋಡಿದ. ಗಂಗಕ್ಕ ಮೊದಲು ಬರಲೊಪ್ಪಲಿಲ್ಲ. ಕೈಗೆ ಬಿದಿರಿನ ದಬ್ಬೆ ಕಟ್ಟಿದ್ದರು, ಮುಖ ಊದಿಕೊಂಡಿತ್ತು.

“ನಿನ್ನ ತಪ್ಪಿಲ್ಲಂತ ಎಲ್ಲಾರಿಗೂ ತೋರಿಸ್ತೇನಿ, ಒಂದ ಸಲ ಬಾ ಅಕ್ಕಾ,” ಎಂದು ಕೈ ಹಿಡಿದು ಎಳೆದೆ. ನನ್ನ ಮಾತು ನಂಬಿ ಬಂದಳು.

ಓಣಿಯ ಹುಡುಗರು, ನಾಲ್ಕಾರು ಹೆಂಗಸರು ಸೇರಿದರು. ಗಂಗಕ್ಕ ಹಲಗೆಯ ಮೇಲೆ ಒಂದು ಕೈಯಿಂದ ಹಗ್ಗ ಹಿಡಿದು ಅಲುಗಾಡದೆ ಕೂತಳು. ಮುಳ್ಳು ಅರವತ್ತೆರಡು ಕಿಲೋಕ್ಕೆ ಬಂದು ನಿಂತಿತು. ಆಮೇಲೆ ಬಸುನನ್ನು ಕೂರಿಸಿದೆವು, ನಲವತ್ತನಾಲ್ಕು. ಅವನು ಎದೆಯುಬ್ಬಿಸಿಕೊಂಡು ಎಲ್ಲರನ್ನೂ ನೋಡಿದ. ತೊಲೆ ಮುಟ್ಟುತ್ತೀಯೇನು ನೋಡೋಣ ಎಂದು ಕೆಣಕಿದೆ. ಎದ್ದು ನಿಂತು ಜೀಕತೊಡಗಿದ. ಕೆಳಗೆ ಬಂದಾಗೊಮ್ಮೆ ಮುಳ್ಳು ಎಪ್ಪತ್ತಕ್ಕೆ ಹಾರಿತು, ಎಂಬತ್ತಕ್ಕೆ ಹಾರಿತು, ಕಡೆಗೆ ತೊಂಬತ್ತನ್ನೂ ದಾಟಿತು. ತೊಲೆಯಿಂದ ಮಣ್ಣು ಉದುರಿತು. ಕಾಕಾ ಗಾಬರಿಯಾಗಿ ಅವನನ್ನು ಇಳಿಸಿದ.

“ಒಬ್ಬಂವ ತೊಂಬತ್ತು. ಅವತ್ತ ಇಬ್ಬರು ನಿಂತಿದ್ರಿ,” ಎಂದು ಬಸುಗೆ ಹೇಳಿದ. ಆಮೇಲೆ ನನ್ನ ಕಡೆ ತಿರುಗಿ, “ಬೇಟಿ, ಕಾಟಾ ಸುಳ್ಳ ಹೇಳಂಗಿಲ್ಲ. ಆದ್ರ ಮಂದಿ ಮುಳ್ಳ ಎಲ್ಲಿ ಬೇಕೋ ಅಲ್ಲೇ ನೋಡ್ತಾರ,” ಅಂದ.

ಅವನ ಮಾತು ಆಗ ನನ್ನ ತಲೆಗೆ ಹೋಗಲೇ ಇಲ್ಲ. ಗೆದ್ದೆನೆಂದು ಓಣಿಯ ತುಂಬ ಕೂಗುತ್ತ ಓಡಿದೆ.

ಮಾರನೆಯ ದಿನ ಬೆಳಿಗ್ಗೆ ದೊಡ್ಡಪ್ಪನ ಮನೆಯ ಗೋಡೆಯ ಮೇಲೆ ಇದ್ದಿಲಿನಲ್ಲಿ ದೊಡ್ಡದಾಗಿ ೬೨ ಎಂದು ಬರೆದಿತ್ತು.

ತೊಂಬತ್ತನ್ನು ಯಾರೂ ಬರೆಯಲಿಲ್ಲ. ತೊಂಬತ್ತು ಯಾರ ನೆನಪಿನಲ್ಲೂ ಉಳಿಯಲಿಲ್ಲ. ಆವತ್ತಿನಿಂದ ಗಂಗಕ್ಕನಿಗೆ ಅರವತ್ತೆರಡು ಎಂದೇ ಹೆಸರಾಯಿತು. ತವರಿಗೆ ಬಂದಾಗಲೆಲ್ಲ ಕೆರೆಗೆ ಹೋದರೆ ಅರವತ್ತೆರಡು ಬಂತು ಅನ್ನುವರು, ಗುಡಿಗೆ ಹೋದರೆ ಅರವತ್ತೆರಡಕ್ಕೆ ಜಾಗ ಬಿಡ್ರಿ ಅನ್ನುವರು. ಅರವತ್ತೆರಡೆಂದರೆ ಏನು ಮಹಾ? ಇವತ್ತು ನನ್ನ ತೂಕವೇ ಅದಕ್ಕಿಂತ ಹೆಚ್ಚು. ಮೊದಲು ಊರಿನ ಬಾಯಲ್ಲಿ ಬರೀ ನಗೆಯಿತ್ತು. ಆ ನಗೆಗೆ ಅಂಕಿ ಒದಗಿಸಿದವಳು ನಾನು. ಊರಿನ ಮೇಲೆ ನನಗಿರುವ ಸಿಟ್ಟಿನಲ್ಲಿ ಒಂದು ಪಾಲು ನನ್ನ ಮೇಲೂ ಇದೆ.

ಮುಂದೆ ಕಾಲೇಜಿನಲ್ಲಿ ಭೌತಶಾಸ್ತ್ರ ಓದುವಾಗ ಆ ಲೆಕ್ಕ ಸಿಕ್ಕಿತು. ಹಗ್ಗ ಹೊರುವುದು ಕೂತವರ ತೂಕವನ್ನಷ್ಟೇ ಅಲ್ಲ. ಮೇಲಿನಿಂದ ವೇಗವಾಗಿ ಬಂದ ಮೈಯನ್ನು ಕೆಳಗೆ ಹಿಡಿದು, ತಿರುಗಿಸಿ, ಮತ್ತೆ ಮೇಲಕ್ಕೆ ಕಳಿಸುವ ಕೆಲಸವೂ ಅದರದ್ದೇ. ಹಗ್ಗ ಪೂರಾ ಅಡ್ಡಲಾಗುವಷ್ಟು ಎತ್ತರದಿಂದ ಬಂದರೆ ಕೆಳಗಿನ ಎಳೆತ ತೂಕದ ಮೂರು ಪಟ್ಟು. ಸೂತ್ರ ಬಿಡಿಸಿದ ಹಾಳೆಯನ್ನು ಹಿಡಿದುಕೊಂಡು ವಸತಿಗೃಹದ ಮೆಟ್ಟಿಲ ಮೇಲೆ ಕೂತು ಅತ್ತೆ. ಆ ಮಾಸ್ತರು ಅಷ್ಟರಲ್ಲಿ ನಿವೃತ್ತರಾಗಿದ್ದರು. ಎಷ್ಟು ವರ್ಷದ ಮಕ್ಕಳಿಗೆ ಅದೇ ಉದಾಹರಣೆ ಕೊಟ್ಟರೋ ಗೊತ್ತಿಲ್ಲ.

ಈಗ ಆ ಬೇವಿನ ಗಿಡವಿಲ್ಲ, ರಸ್ತೆ ಅಗಲ ಮಾಡುವಾಗ ಕಡಿದರು. ಕಾಕಾ ತೀರಿಕೊಂಡ, ಕಾಟಾ ಗುಜರಿಗೆ ಹೋಯಿತು. ಊರವರು ಸೇರಿದಾಗ ಗಿಡ ಹೋಯಿತು, ಜೋಕಾಲಿ ಹೋಯಿತು, ಹಬ್ಬ ಹೋಯಿತು ಎಂದು ನಿಟ್ಟುಸಿರು ಬಿಡುತ್ತಾರೆ. ಅವರ ನಿಟ್ಟುಸಿರು ಕೇಳಿದರೆ ನನಗೆ ಮತ್ತೆ ಸಿಟ್ಟೇ ಬರುತ್ತದೆ. ಗಂಗಕ್ಕನ ಜೋಕಾಲಿ ಹೋದ ದಿನ ಯಾರೂ ನಿಟ್ಟುಸಿರು ಬಿಡಲಿಲ್ಲ.

ಹೋದ ಪಂಚಮಿಗೆ ಗಂಗಕ್ಕ ಧಾರವಾಡದ ನಮ್ಮ ಮನೆಗೆ ಬಂದಿದ್ದಳು. ಸಕ್ಕರೆ ಕಾಯಿಲೆಯಿಂದ ಒಣಗಿ ಹೋಗಿದ್ದಾಳೆ, ದವಾಖಾನೆಯಲ್ಲಿ ನಲವತ್ತೆಂಟು ಕಿಲೋ ಅಂದರಂತೆ. ಬಸು ಅಣ್ಣನೂ ಬಂದಿದ್ದ. ಅವನು ಈಗ ನೂರು ದಾಟಿದ್ದಾನೆ. ಪಡಸಾಲೆಯಲ್ಲಿ ಕಬ್ಬಿಣದ ಸರಪಳಿಯ ತೂಗುಮಂಚವಿದೆ. ಬಂದವನೇ ಅದರ ಮೇಲೆ ಕಾಲು ಚಾಚಿ ಕೂತು, ಶೇಂಗಾ ಉಂಡಿ ತಿನ್ನುತ್ತ ಜೀಕತೊಡಗಿದ. ಸರಪಳಿ ಕರಕರ ಅಂದಿತು. ಯಾರೂ ನಗಲಿಲ್ಲ.

ನಾನು ಅವನನ್ನು ಎಬ್ಬಿಸಿ ಗಂಗಕ್ಕನನ್ನು ಕರೆದೆ. ಅವಳು ಬಂದು ಸರಪಳಿಯನ್ನು ಮುಟ್ಟಿ ನೋಡಿದಳು. ಮೇಲಿನ ಕೊಕ್ಕೆಯನ್ನು ನೋಡಿದಳು. ಆ ಮಣಿಕಟ್ಟು ಇನ್ನೂ ಸೊಟ್ಟಗೇ ಇದೆ.

“ಬ್ಯಾಡ ತಂಗಿ. ನನ್ನ ವಜ್ಜಾಕ್ಕ ಮತ್ತ ಹರದೀತು,” ಅಂದಳು.

ಚಾಷ್ಟಿಗೆ ಅನ್ನಲಿಲ್ಲ, ನಿಜವಾಗಿಯೇ ಅಂದಳು. ಹೋಗಿ ನೆಲದ ಮೇಲೆ ಗೋಡೆಗಾತು ಕೂತಳು. ಮದುವೆಯಾಗಿ ನಲವತ್ತು ಪಂಚಮಿಗಳು ಕಳೆದಿವೆ. ಅಷ್ಟರಲ್ಲಿ ಅವಳು ಆಡಿದ್ದು ಮೂರೇ ಜೀಕು. ಮೂರನ್ನೂ ನೂಕಿದವಳು ನಾನು.