ತೊರೆ ದಾರಿಯ ಗೇಟು

ಅಮೆರಿಕದ ಯುಟಾದ ನಮ್ಮ ಕಣಿವೆಯಲ್ಲಿ ತೊರೆಯ ಗುಂಟ ಕಾಡಿಗೆ ಹೋಗುವ ಮಣ್ಣುದಾರಿ ಸಾಧು ಹಸುವಿನಂಥದು. ಹಾಯುವುದಿಲ್ಲ, ಒದೆಯುವುದಿಲ್ಲ. ಆಸ್ಪೆನ್ ಮರಗಳ ನೆರಳು, ಅಲ್ಲಲ್ಲಿ ಜೀಪಿನ ಚಕ್ರ ಅರ್ಧ ನೆನೆಯುವಷ್ಟು ನೀರು. ಬೇರೆಯವರು ಅಲ್ಲಿಗೆ ಸೊಬಗು ನೋಡಲು ಹೋದರೆ ವರ್ಲ್ ಹಾಸ್ಲಮ್ ಹೋಗುತ್ತಿದ್ದುದು ಮೇಲಿನ ಕಾವಲಿನಲ್ಲಿ ಮೇಯುವ ತನ್ನ ದನ ನೋಡಲು.

ಮುದುಕನಿಗೆ ಮರೆವು ಹತ್ತಿತೆಂದು ಮಗಳು ಲಾರೂಗೆ ಗುಮಾನಿ. ಈ ಸಲ ತಾನೂ ಬರುವೆನೆಂದೂ, ಒಂದು ತಪ್ಪು ಕಂಡರೂ ಜೀಪಿನ ಕೀಲಿ ತನ್ನದೆಂದೂ ಪಟ್ಟು ಹಿಡಿದಳು.

"ನಿಂಗೆ ಗೇರ್ ಹಾಕೋದು ಕಲಿಸ್ದೋನು ಯಾರು?"

"ನೀನೇ ಅಪ್ಪ. ಮೊನ್ನೆ ಜೀಪು ಗುದ್ದಿ ಕೋಳಿಗೂಡು ಕೆಡವಿದ್ದೂ ನೀನೇ."

ದಾರಿಯುದ್ದಕ್ಕೂ ಅವಳಿಗೆ ಕೊಂಕು ಸಿಗಲಿಲ್ಲ. ಏರುವವನಿಗೆ ಇಳಿಯುವವನು ದಾರಿ ಬಿಡುವುದು ನಮ್ಮಲ್ಲಿ ರೂಢಿ. ಎದುರಾದ ಪ್ರವಾಸಿಗರಿಗೆ ಅದು ತಿಳಿಯದು. ವರ್ಲ್ ತಾನೇ ಜೀಪನ್ನು ಹಿಂದೆ ಸರಿಸಿದ.

ದಾರಿ ತೊರೆಯನ್ನು ಬಿಟ್ಟು ಕಾವಲಿಗೆ ಏರುವಲ್ಲಿ ಬೇಲಿಯ ಗೇಟು ತೆರೆದಿತ್ತು, ಮುಚ್ಚಿಕೊಳ್ಳದಂತೆ ಯಾರೋ ಅದನ್ನು ತಂತಿಯಿಂದ ಕಂಬಕ್ಕೆ ಬಿಗಿದಿದ್ದರು. ಗೇಟು ಹೇಗಿತ್ತೋ ಹಾಗೇ ಬಿಟ್ಟು ಹೋಗಬೇಕು. ಇದು ನಮ್ಮಲ್ಲಿ ಕೈಗೂಸಿಗೂ ಗೊತ್ತು. ಆದರೂ ವರ್ಲ್, ಇದು ಯಾವನೋ ಪೇಟೆಯವನ ಕೆಲಸವೆಂದು ಗೊಣಗಿ, ಜೀಪು ದಾಟಿಸಿ, ತಂತಿ ಬಿಚ್ಚಿ ಜೇಬಿಗಿಳಿಸಿ, ಗೇಟು ಮುಚ್ಚಿ ಚಿಲಕ ಹಾಕಿದ. ಲಾರೂ ಆಗ ಜೀಪಿನಲ್ಲಿ ಬುತ್ತಿ ಬಿಚ್ಚುತ್ತಿದ್ದಳು, ಅತ್ತ ನೋಡಲಿಲ್ಲ.

ಮೇಲೆ ಕಾವಲಿನಲ್ಲಿ ಕೂತು ಸೇಬು ಹೆಚ್ಚಲೆಂದು ಜೇಬಿನಿಂದ ಚಾಕು ತೆಗೆದಾಗ ತಂತಿಯೂ ಬಂತು. ಎಡಚನೊಬ್ಬ ಹೊಸೆದ ಸುರುಳಿ. ನಮ್ಮ ಕಣಿವೆಯಲ್ಲಿ ಎಡಚ ವರ್ಲ್ ಒಬ್ಬನೇ. ಮೇಲಿನ ಬುಗ್ಗೆ ಬತ್ತಿತೆಂದು, ದನ ತೊರೆಗಿಳಿದು ನೀರು ಕುಡಿಯಲೆಂದು, ಹೋದ ವಾರ ಗೇಟು ತೆರೆದು ಕಟ್ಟಿದವನು ಅವನೇ. ಕೆಳಗೆ ಗೇಟಿನ ಬಳಿ ದನ ಕೂಗುತ್ತಿದ್ದವು. ಸೇಬನ್ನು ಹಾಗೆಯೇ ಇಟ್ಟು ಎದ್ದ.

ಸುಮ್ಮನಿದ್ದಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಮಗಳನ್ನು ಕೂರಿಸಿಕೊಂಡು ಜೀಪಿನಲ್ಲಿ ಇಳಿದು ಬಂದು ಗೇಟು ತೆರೆದ. ದನ ಒಂದನ್ನೊಂದು ನೂಕುತ್ತ ತೊರೆಗೆ ನುಗ್ಗಿದವು. ತಂತಿ ಮತ್ತೆ ಬಿಗಿದು, ಜೀಪಿನ ಸುತ್ತ ಹಾಯ್ದು ಮಗಳ ಕಡೆಯ ಬಾಗಿಲಿಗೆ ಬಂದ.

"ಸ್ಟೀರಿಂಗ್ ಕಡೆ ಸರ್ಕೋ. ತೆರೆದಿಟ್ಟೋನೂ ನಾನೇ, ಮುಚ್ಚಿದೋನೂ ನಾನೇ."

ಲಾರೂ ಸರಿದು ಕೂತಳು. "ಕಣ್ಣು ಮಂಜಾಗಿರ್ಬೇಕು ಅಪ್ಪ."

"ಕಣ್ಣಾಗಿದ್ರೆ ಕನ್ನಡಕ ಹಾಕ್ತಿದ್ದೆ."

ಅವಳು ಕೀಲಿ ತಿರುಗಿಸಿದಳು. ಮೊದಲ ನೀರು ಬಂದಾಗ ವರ್ಲ್ ಕಿಟಕಿಯಾಚೆ ನೋಡುತ್ತಲೇ, ಗೇರ್ ಇಳಿಸು ಎಂದ. ಅವಳು ಆಗಲೇ ಇಳಿಸಿದ್ದಳು.